ಪುತಳಿಯ ಮೇಲಿನ ಎರಡು ತಗ್ಗು

ಒಮ್ಮೆ ಬಲ್ಲವನೆಂದು ಹೆಸರಾದರೆ ಆ ಹೆಸರನ್ನು ಕಳೆದುಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ನನ್ನನ್ನು ಕೇಳಬೇಕು. ನಾಣ್ಯದ ವಿಷಯದಲ್ಲಿ ನನ್ನ ಮಾತು ಕೇಳಬೇಡಿರಪ್ಪಾ ಎಂದು ಹತ್ತು ವರ್ಷದಿಂದ ಕೈಮುಗಿದು ಹೇಳುತ್ತಿದ್ದೇನೆ. ಹಾನಗಲ್ಲಿನ ಜನ ಬಿಡುವುದಿಲ್ಲ. ಅದರಲ್ಲೂ ಈ ಯುದ್ಧ ಶುರುವಾಗಿ, ಬೆಳ್ಳಿಯ ರೂಪಾಯಿ ಮಾಯವಾಗಿ, ನಡುವೆ ತೂತಿರುವ ದುಡ್ಡು ಬಂದ ಮೇಲಂತೂ ಗಡಿಗೆಯ ತಳದಿಂದ, ಗೋಡೆಯ ಸಂದಿನಿಂದ, ಅಜ್ಜಿಯ ಚೀಲದಿಂದ ಹಳೆಯ ನಾಣ್ಯಗಳನ್ನು ಹೊರಗೆ ತೆಗೆದು ನಮ್ಮ ಕಟ್ಟೆಗೆ ತರುತ್ತಾರೆ. "ದಿವಾಣಜಿಯವರ, ಇದು ಅಸಲಿ ಐತೋ ಖೊಟ್ಟಿ ಐತೋ ಸ್ವಲ್ಪ ನೋಡ್ರಿ." ನಾನು ನಾಣ್ಯವನ್ನು ಹಿಡಿದು, ತಿರುಗಿಸಿ, ಬೆಳಕಿಗೆ ಒಡ್ಡಿ, ಇನ್ನೇನು ಬಾಯಿ ತೆರೆಯಬೇಕು, ಒಳಗಿನಿಂದ ನನ್ನ ಹೆಂಡತಿ ನೀಲವ್ವ ಒಂದು ಸಲ ಕೆಮ್ಮುತ್ತಾಳೆ. ಆಕೆಗೆ ಕೆಮ್ಮಿನ ಬೇನೆ ಇಲ್ಲ. ನಾನು ಮುಖ ಸಣ್ಣದು ಮಾಡಿ ನಾಣ್ಯ ತಿರುಗಿ ಕೊಡುತ್ತೇನೆ. "ನನಗ ತಿಳಿಯೂದಿಲ್ಲಪಾ. ಮನಿಗೆ ಒಯ್ದು ಇಟ್ಟುಕೋ. ತೊಳೀಬ್ಯಾಡ ಮಾತ್ರ." ಬಂದವರು, "ದೊಡ್ಡ ಮನಷ್ಯಾರು, ಗುಟ್ಟು ಬಿಟ್ಟು ಕೊಡೂದಿಲ್ಲ" ಎಂದು ಮತ್ತಷ್ಟು ಮರ್ಯಾದೆ ಕೊಟ್ಟು ಹೋಗುತ್ತಾರೆ. ಆ ಮರ್ಯಾದೆ ನನಗೆ ಎಲ್ಲಿ ಚುಚ್ಚುತ್ತದೆ ಎಂಬುದನ್ನು ಇವತ್ತು ಹೇಳಿಬಿಡುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಇಟ್ಟುಕೊಂಡರೆ ಅದು ಇನ್ನೂ ಹೆಚ್ಚುತ್ತದೆ.

ಅಂಗಡಿಯಲ್ಲಿ ಕುಳಿತು ಬರೆಯುವವನಿಗೆ ನಮ್ಮ ಕಡೆ ದಿವಾಣಜಿ ಎನ್ನುತ್ತಾರೆ. ನಾನು ಹಾನಗಲ್ಲಿನ ಒಂದು ಅರಿವೆ ಅಂಗಡಿಯ ದಿವಾಣಜಿ. ನನ್ನ ಗಾದಿಯ ಪಕ್ಕ ಒಂದು ಕರಿಕಲ್ಲು ಇದೆ. ಗಿರಾಕಿ ರೂಪಾಯಿ ಕೊಟ್ಟನೆಂದರೆ ಅದನ್ನು ಆ ಕಲ್ಲಿನ ಮೇಲೆ ಒಗೆದು ನಾದ ಕೇಳುವುದು ನನ್ನ ಕೆಲಸ. ಒಳ್ಳೆಯ ಬೆಳ್ಳಿ ಠಣ್ ಎಂದು ಹಾಡುತ್ತದೆ, ಸೀಸ ಬೆರೆತದ್ದು ನೆಗಡಿ ಬಂದವರ ಹಾಗೆ ಮಾತಾಡುತ್ತದೆ. ಇಷ್ಟೇ ವಿದ್ಯೆ. ಇದನ್ನು ಊರಿನ ಯಾವ ಅಂಗಡಿಯವನಾದರೂ ಬಲ್ಲ. ಆದರೆ ಒಂದು ಸಲ ಮುಂಬಯಿಯಿಂದ ಬಂದ ಅರಿವೆಯ ಗಂಟಿನಲ್ಲಿ, ಸುತ್ತಿದ ಕಾಗದದ ನಡುವೆ, ಹಳೆಯ ನಾಣ್ಯಗಳ ಮೇಲೆ ಬರೆದ ಇಂಗ್ಲಿಷ್ ಪುಸ್ತಿಕೆಯ ಮೊದಲ ಹದಿನಾರು ಪುಟ ಸಿಕ್ಕಿತು. ಉಳಿದದ್ದು ಹರಿದು ಹೋಗಿತ್ತು. ನನಗೆ ಬರುವ ಇಂಗ್ಲಿಷಿಗೆ ಹದಿನಾರು ಪುಟವೇ ಹೆಚ್ಚು. ಅದರಲ್ಲಿ ಸಂಗ್ರಹ ಮಾಡಬೇಕು, ಹೋಲಿಸಿ ನೋಡಬೇಕು, ತೂಕ ಮಾಡಬೇಕು ಎಂದೆಲ್ಲ ಇತ್ತು. ತೊಳೆಯಬಾರದು ಎಂಬ ಮಾತು ಹರಿದುಹೋದ ಪುಟಗಳಲ್ಲಿ ಇತ್ತೆಂದು ನನಗೆ ಬಹಳ ತಡವಾಗಿ ಗೊತ್ತಾಯಿತು. ಆ ಹದಿನಾರು ಪುಟಕ್ಕೇ ನಾನು ನಾಣ್ಯಶಾಸ್ತ್ರಿಯಾದೆ.

ಸಂಗ್ರಹ ಶುರುವಾಯಿತು. ಸುತ್ತಲಿನ ಹಳ್ಳಿಗಳಿಂದ ಸಂತೆಗೆ ಬಂದವರು ಶಿವರಾಯಿ ಕಾಸು, ಆನೆಯ ಗುರುತಿನ ಟಿಪ್ಪೂ ಕಾಸು, ಹೊಲ ಹರಗುವಾಗ ಸಿಕ್ಕ ಹೆಸರಿಲ್ಲದ ತಾಮ್ರದ ಬಿಲ್ಲೆಗಳು, ಏನು ತಂದರೂ ಇಸಿದುಕೊಂಡೆ. ಹತ್ತಿಮತ್ತೂರಿನಿಂದ ಒಬ್ಬ ರೈತ ಒಂದು ಚಟಾಕಿನಷ್ಟು ತಂದು ಸುರುವಿ, "ನಿಮಗ ಹುಚ್ಚು ಹಿಡದೈತಿ ಅಂತ ಕೇಳಿದ್ನಿ, ಅದಕ್ಕ ತಂದೇನಿ" ಎಂದು ಪ್ರೀತಿಯಿಂದಲೇ ಹೇಳಿದ. ಎಲ್ಲವೂ ಕರ್ರಗೆ, ಹಸಿರಾಗಿ, ಮಣ್ಣು ಹಿಡಿದು ಇರುತ್ತಿದ್ದವು. ದೇವರ ಹಿತ್ತಾಳೆ ಸಾಮಾನು ಥಳಥಳ ಹೊಳೆಯುವ ಮನೆಯಲ್ಲಿ ಬೆಳೆದವನು ನಾನು, ಆ ಕೊಳೆಯನ್ನು ಹೇಗೆ ಸಹಿಸಲಿ? ಹುಣಸೆಹಣ್ಣಿನಲ್ಲಿ ನೆನೆಹಾಕಿದೆ. ಬೂದಿ ಹಚ್ಚಿ ತಿಕ್ಕಿದೆ. ಅದಕ್ಕೂ ಜಗ್ಗದವನ್ನು ಇಟ್ಟಂಗಿಯ ಪುಡಿಯಿಂದ ತಿಕ್ಕಿದೆ. ತಾಮ್ರ ಕೆಂಪಗೆ ಫಳಫಳ ಹೊಳೆಯಿತು. ಅದರ ಮೇಲಿದ್ದ ಅಕ್ಷರಗಳೂ ಆನೆಯೂ ಬೂದಿಯ ಜೊತೆ ಬಚ್ಚಲಿಗೆ ಹೋದವು. ಅಷ್ಟರಲ್ಲಿ ನೀಲವ್ವ ಅಡಿಗೆಮನೆಯಿಂದ ಕೂಗಿದಳು, "ಹುಣಸಿಹಣ್ಣ ಎಲ್ಲಿ ಹೋತ್ರಿ? ರಾಜಾಗೋಳ ಮಾರಿ ತೊಳಿಯಾಕ ನನ್ನ ಸಾರು ಸಪ್ಪಗ ಮಾಡಿದ್ರೆಲ್ಲ!" ಆ ದಿನ ನಾನು ಸಪ್ಪೆ ಸಾರನ್ನು ಹೆಮ್ಮೆಯಿಂದ ಉಂಡೆ.

ಕೊಳ್ಳುವ ವಿಷಯಕ್ಕೂ ಬರೋಣ, ಅದನ್ನೇಕೆ ಮುಚ್ಚಿಡಲಿ? ಹಿರೇಕೆರೂರಿನ ಸಂತೆಗೆ ಅಂಗಡಿಯ ಕೆಲಸದ ಮೇಲೆ ಹೋದಾಗ ಒಬ್ಬ ಸಭ್ಯ ಮನುಷ್ಯ ಸಿಕ್ಕ. ಶುಭ್ರ ಧೋತರ, ಹಣೆ ತುಂಬ ವಿಭೂತಿ. ಸಿಂಹದ ಗುರುತಿನ ಒಂದು ಬಂಗಾರದ ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿ ತೋರಿಸಿ, "ಇದು ಕದಂಬರದ್ರಿ. ನಿಮ್ಮಂಥಾವರಿಗೆ ನಾ ಏನ ಹೇಳಲಿ? ನೋಡಿದ ಕೂಡಲೆ ನಿಮಗ ಗೊತ್ತಾಗಿರತೈತಿ" ಎಂದ. ನನಗೆ ಏನೂ ಗೊತ್ತಾಗಿರಲಿಲ್ಲ. ಆದರೆ ಗೊತ್ತಾಗಿಲ್ಲ ಎಂದು ಹೇಳುವ ದಾರಿಯನ್ನು ಆತ ಮುಚ್ಚಿಬಿಟ್ಟಿದ್ದ. ಗಂಭೀರವಾಗಿ ತಲೆಯಾಡಿಸಿ ಕೊಂಡುಕೊಂಡೆ. ಎಂಟು ದಿನದಲ್ಲಿ ಕದಂಬರ ಸಿಂಹದ ಬಾಲ ಹಸಿರಾಯಿತು. ಅಂಚಿನ ಸುತ್ತ ನೋಡಿದರೆ ಎರಕದ ಗೆರೆ ಹಾಯಾಗಿ ಓಡಿದೆ, ಹಿತ್ತಾಳೆಯ ಗುಂಡಿ. ಹಾಗಾಗಿ ನಾನು ಕೊಡಬಹುದಾದ ಒಂದು ನಿಜವಾದ ಸಲಹೆ ಇದು: ನಾಣ್ಯ ಮಾರುವವನು ನಾಣ್ಯವನ್ನು ಹೊಗಳಿದರೆ ನಿಂತು ಕೇಳಿ, ನಿಮ್ಮನ್ನು ಹೊಗಳಲು ಶುರುಮಾಡಿದರೆ ಸೊಂಟದ ಚೀಲ ಬಿಗಿ ಮಾಡಿಕೊಂಡು ಬಸ್ಸು ಹತ್ತಿರಿ. ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಆ ಸಿಂಹ ಇವತ್ತಿಗೂ ನನ್ನ ಅಂಗಿಯ ಪೆಟ್ಟಿಗೆಯ ತಳದಲ್ಲಿದೆ.

ಇಷ್ಟರಲ್ಲೇ ನಿಂತಿದ್ದರೆ ನಗುವ ಮಾತಾಗುತ್ತಿತ್ತು. ನಮ್ಮ ದೇವರ ಜಗುಲಿಯ ಮೇಲೆ ಒಂದು ಪುತಳಿ ಇತ್ತು. ಪುತಳಿ ಅಂದರೆ ತೆಳ್ಳನೆಯ ಚೊಕ್ಕ ಬಂಗಾರದ ನಾಣ್ಯ, ಉಳ್ಳವರ ಮನೆಯ ಹೆಣ್ಣುಮಕ್ಕಳು ಸರ ಮಾಡಿ ಹಾಕಿಕೊಳ್ಳುತ್ತಾರಲ್ಲ, ಅದು. ನಮ್ಮಲ್ಲಿ ಇದ್ದದ್ದು ಒಂದೇ. ನೀಲವ್ವನ ತವರು ತಡಸ. ಆಕೆಯ ಅವ್ವ, ಅಂದರೆ ನಮ್ಮ ಅತ್ತೆ ಶಂಕ್ರವ್ವ, ಮದುವೆಯಲ್ಲಿ ಮಗಳ ಉಡಿಯಲ್ಲಿ ಹಾಕಿ ಕಳಿಸಿದ್ದು. ಅತ್ತೆ ಗಂಡನಿಲ್ಲದ ಹೆಂಗಸು, ಎರಡು ಎಮ್ಮೆ ಕಟ್ಟಿ ಶಿಗ್ಗಾವಿಯ ಸಂತೆಯಲ್ಲಿ ಬೆಣ್ಣೆ ಮಾರಿ ಮಗನನ್ನೂ ಮಗಳನ್ನೂ ಬೆಳೆಸಿದವಳು. ಮುಂದಿನ ಎರಡು ಹಲ್ಲಿನ ನಡುವೆ ಒಂದು ಜೋಳದ ಕಾಳು ಕೂಡುವಷ್ಟು ಸಂದು. ನಕ್ಕರೆ ಮೊದಲು ಅದೇ ಕಾಣುತ್ತಿತ್ತು. ಆ ಸಂದು ನೀಲವ್ವನಿಗೂ ಬಂದಿದೆ. ನಾನು ಈಗ ಹೇಳುವ ಕಾಲಕ್ಕೆ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ನೀಲವ್ವ ದಿನಾ ಸಂಜೆ ದೀಪ ಹಚ್ಚಿ, ಪುತಳಿಗೆ ಅರಿಷಿಣ ಕುಂಕುಮ ಏರಿಸಿ, ಅದರ ಮೇಲೆ ಹೆಬ್ಬೆರಳು ಒತ್ತಿ ಕಣ್ಣು ಮುಚ್ಚುತ್ತಿದ್ದಳು. ಹೆಬ್ಬೆರಳು ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಶಾಸ್ತ್ರಿಗಳು ಹೆಂಗಸರನ್ನು ಕೇಳುತ್ತಾರೆಯೆ?

ಹೀಗಿರುವಾಗ ಧಾರವಾಡದಿಂದ ಒಬ್ಬ ವಯಸ್ಸಾದ ವಕೀಲರು ನಮ್ಮೂರಿನ ತಾರಕೇಶ್ವರ ಗುಡಿ ನೋಡಲು ಬರುತ್ತಾರೆಂದು ನಮ್ಮ ಅಂಗಡಿಯ ಸಾವಕಾರರು ಹೇಳಿದರು. ಅಂಗಡಿಯ ವ್ಯವಹಾರದಿಂದ ಅವರಿಬ್ಬರಿಗೂ ಪರಿಚಯ. ವಕೀಲರಿಗೂ ನಾಣ್ಯದ ಶೋಕು ಇದೆಯಂತೆ, ಭೂತಗನ್ನಡಿ ಇಟ್ಟುಕೊಂಡೇ ತಿರುಗುತ್ತಾರಂತೆ. "ನಮ್ಮ ದಿವಾಣಜಿಯ ಸಂಗ್ರಹ ನೋಡ್ರಿ ಅಂತ ಹೇಳೇನಿ" ಎಂದರು. ನನಗೆ ನೆಲ ಹತ್ತಲಿಲ್ಲ. ಅದೇ ವಾರ ನೀಲವ್ವ ನಮ್ಮ ಮಗಳು ಶಾಂತವ್ವನನ್ನು ಕರೆದುಕೊಂಡು ತನ್ನ ಅಣ್ಣನ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ತಡಸಕ್ಕೆ ಹೋಗಿದ್ದಳು. ಮುಖ ಅಳಿಸಿದ ತಾಮ್ರವನ್ನೇ ಅವರ ಮುಂದೆ ಇಡುವುದೆ? ನನ್ನ ಕಣ್ಣು ಜಗುಲಿಯ ಕಡೆ ಹೋಯಿತು.

ಪುತಳಿಯನ್ನು ತೆಗೆದು ಅಂಟುವಾಳಕಾಯಿಯ ನೀರಿನಲ್ಲಿ ಹಾಕಿ ಹಳೆಯ ಎಣ್ಣೆ, ಅರಿಷಿಣ, ಕುಂಕುಮದ ಗಟ್ಟಿಯನ್ನೆಲ್ಲ ಬಿಡಿಸಿದೆ. ಬಂಗಾರ ನಕ್ಕಿತು. ಒಂದು ಮಗ್ಗಲಲ್ಲಿ ಎರಡು ಗೊಂಬೆಗಳು, ನಡುವೆ ಒಂದು ಕೋಲು. ಇದು ನಮ್ಮ ಹಾನಗಲ್ಲಿನ ಕದಂಬ ರಾಜನೂ ರಾಣಿಯೂ ಕೋಲಾಟ ಆಡುವ ಚಿತ್ರ ಎಂದು ನನ್ನ ವಹಿಯಲ್ಲಿ ಬರೆದುಕೊಂಡೆ. ಊರಿನ ಪ್ರತಿ ಹೆಂಗಸೂ ಪುತಳಿ ಎಂದು ಗುರುತಿಸುವ ನಾಣ್ಯ ಅದು! ಇರಲಿ. ಅಂಚಿನ ಹತ್ತಿರ ಅಕ್ಕಪಕ್ಕ ಎರಡು ತಗ್ಗು ಇದ್ದವು, ಒಳ್ಳೆಯ ಮುಖದ ಮೇಲಿನ ಸಿಡುಬಿನ ಕಲೆಯ ಹಾಗೆ. ಅವು ನನ್ನ ಕಣ್ಣಿಗೆ ಚುಚ್ಚತೊಡಗಿದವು. ನಾಣ್ಯವನ್ನು ಅರಿವೆಯಲ್ಲಿ ಸುತ್ತಿಕೊಂಡು ಮೌನೇಶಪ್ಪ ಪತ್ತಾರನ ಅಂಗಡಿಗೆ ಹೋದೆ.

ಪತ್ತಾರ ಅಂದರೆ ಅಕ್ಕಸಾಲಿ. ಮೌನೇಶಪ್ಪ ಕಡಿಮೆ ಮಾತಿನ ಮನುಷ್ಯ. ನಾಣ್ಯವನ್ನು ಒರೆಗಲ್ಲಿಗೆ ಉಜ್ಜಲಿಲ್ಲ, ತಕ್ಕಡಿಗೆ ಹಾಕಲಿಲ್ಲ, ಬೆರಳಿನಲ್ಲಿ ಸವರಿ, "ಚೊಲೋ ಬಂಗಾರ. ಇವು ಹಲ್ಲಿನ ಗುರುತ್ರಿ, ದಿವಾಣಜಿಯವರ. ಯಾರೋ ಕಚ್ಚಿ ನೋಡ್ಯಾರ" ಎಂದ.

"ಹಲ್ಲಿಂದಾ? ಅಂದ್ರ ಎಂಜಲಾ?" ಎಂದು ನಾನು ಹೌಹಾರಿದೆ. "ದೇವರ ಜಗುಲಿ ಮ್ಯಾಲೆ ಯಾವನೋ ಎಂಜಲ ಮಾಡಿದ್ದು ಕುಂತೈತೇನು ಇಷ್ಟ ದಿನ?"

"ಬಂಗಾರಕ್ಕ ಎಂಜಲ ಹತ್ತೂದಿಲ್ರಿ."

"ಹತ್ತಲಿ ಬಿಡಲಿ, ತಗಿ ಅದನ್ನ."

ಮೌನೇಶಪ್ಪ ಕೊಡತಿ ಎತ್ತಲಿಲ್ಲ. "ಮನ್ಯಾಗ ಅಕ್ಕಾರನ್ನ ಒಂದ ಮಾತು ಕೇಳೀರೇನು?" ಎಂದ. ಆಗ ನಾನು ಹೇಳಿದ ಮಾತನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಆಕೀಗೇನ ತಿಳೀತೈತಿ ಇದರಾಗ?" ಎಂದೆ. ಆತ ಅಡಿಗಲ್ಲಿನ ಮೇಲೆ ಚರ್ಮ ಹಾಸಿ, ಕಟ್ಟಿಗೆಯ ಕೊಡತಿಯಿಂದ ನಾಲ್ಕು ಸಲ ಮೆಲ್ಲಗೆ ತಟ್ಟಿ, ಹೊಳಪು ಕೊಟ್ಟು ಕೈಯಲ್ಲಿಟ್ಟ. ತಗ್ಗು ಹೋದವು. ರಾಣಿಯ ಕಾಲು ಸ್ವಲ್ಪ ಚಪ್ಪಟೆಯಾಯಿತು, ಅಷ್ಟೆ. ದುಡ್ಡು ಕೊಡಲು ಹೋದರೆ ಬೇಡ ಎಂದ. ನನ್ನ ವಿದ್ಯೆಗೆ ಗೌರವ ಕೊಟ್ಟನೆಂದು ತಿಳಿದು ಖುಷಿಯಿಂದ ಮನೆಗೆ ಬಂದೆ.

ವಕೀಲರು ಬಂದರು. ನಾನು ಕೆಂಪು ಅರಿವೆ ಹಾಸಿ ಎಲ್ಲವನ್ನೂ ಸಾಲಾಗಿ ಹೊಂದಿಸಿದ್ದೆ. ಅವರು ಭೂತಗನ್ನಡಿ ಹಿಡಿದು ಒಂದೊಂದೇ ತಾಮ್ರವನ್ನು ನೋಡುತ್ತ ಹೋದರು. ನೋಡಿದಂತೆಲ್ಲ ಅವರ ಮುಖ ಇಳಿಯುತ್ತ ಬಂತು. "ಇವನ್ನೆಲ್ಲಾ ಯಾರು ತೊಳದ್ರು?" ಎಂದರು. ನಾನೇ ಎಂದು ಎದೆ ಉಬ್ಬಿಸಿ ಹೇಳಿದೆ. ಅವರು ಬೈಯಲಿಲ್ಲ, ಅದೇ ಕೆಟ್ಟದ್ದು. "ಮಾರಿ ತೊಳಿಯೂದು ಬ್ಯಾರೆ, ಮಾರಿ ಅಳಿಸೂದು ಬ್ಯಾರೆ, ದಿವಾಣಜಿಯವರ. ಆ ಕರಿ ಬಣ್ಣ ಬರಾಕ ಇನ್ನೂರು ವರ್ಷ ಬೇಕಾಗಿತ್ತು" ಎಂದರು. ಬಂಗಾರದ್ದನ್ನು ನೋಡಿ, "ಇದು ಕದಂಬರದ್ದೇನಲ್ಲ. ಪುತಳಿ. ಸಮುದ್ರದ ಆಚೆಯಿಂದ ಹಡಗಿನ್ಯಾಗ ಬಂದದ್ದು. ಇವರು ಯಾರೂ ಕೋಲಾಟ ಆಡಾಕತ್ತಿಲ್ಲ, ಒಬ್ಬ ಸಾಧುವಿನ ಮುಂದ ಒಬ್ಬ ದೊರಿ ಮೊಣಕಾಲೂರಿ ಕುಂತಾನ" ಎಂದರು. ಸಾವಕಾರರು ಪಕ್ಕದಲ್ಲೇ ಇದ್ದರು. ಅವರು ನಗು ತಡೆಯಲು ಮೀಸೆ ತಿರುವಿಕೊಂಡರು. ನನ್ನ ಕಿವಿ ಬಿಸಿಯಾದವು. ಬದುಕಿನಲ್ಲಿ ಇದಕ್ಕಿಂತ ದೊಡ್ಡ ನಾಚಿಕೆ ಇರಲಾರದು ಎಂದುಕೊಂಡು ನಾಣ್ಯಗಳನ್ನು ಗಂಟು ಕಟ್ಟಿದೆ. ಎರಡು ದಿನ ಬಿಟ್ಟು ನೀಲವ್ವ ತಡಸದಿಂದ ಬಂದಳು.

ಬಂದವಳೇ ಕಾಲು ತೊಳೆದು ದೀಪ ಹಚ್ಚಿದಳು. ನಾನು ಕಟ್ಟೆಯ ಮೇಲೆ ಕುಳಿತು, ಹೊಳೆಯುವ ಪುತಳಿ ನೋಡಿ ಹಿಗ್ಗುತ್ತಾಳೆ, ನನ್ನ ಗಾಯಕ್ಕೆ ಅಷ್ಟಾದರೂ ಎಣ್ಣೆ ಸಿಗುತ್ತದೆ ಎಂದು ಕಾಯುತ್ತಿದ್ದೆ. ಆಕೆ ಹೊರಗೆ ಬರಲಿಲ್ಲ. ಎದ್ದು ಹೋಗಿ ನೋಡಿದರೆ ಆಕೆ ಪುತಳಿಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಹುಡುಕುತ್ತಿದ್ದಳು. ಈ ಮಗ್ಗಲು, ಆ ಮಗ್ಗಲು, ಮತ್ತೆ ಈ ಮಗ್ಗಲು. ನನ್ನನ್ನು ನೋಡಿ, "ಇದು ನಂದಲ್ರಿ. ಯಾರೋ ಬದಲ ಮಾಡ್ಯಾರ" ಎಂದಳು.

"ಬದಲ ಆಗಿಲ್ಲ. ಅದರಾಗ ಎರಡು ತಗ್ಗಿದ್ದು, ಪತ್ತಾರನ ಕಡೆ ತಗಿಸೇನಿ. ಯಾರದೋ ಎಂಜಲಿತ್ತು" ಎಂದೆ.

"ಯಾರದೋ ಅಲ್ರಿ," ಎಂದಳು ನೀಲವ್ವ. "ಅವ್ವಂದು."

ಆಮೇಲೆ ಹೇಳಿದಳು. ಅಳಲಿಲ್ಲ, ಸಾರಿಗೆ ಏನೇನು ಹಾಕಿದೆ ಎಂದು ಹೇಳುವ ಹಾಗೆ ಹೇಳಿದಳು. ಆಕೆಯ ಮದುವೆ ಗೊತ್ತಾದಾಗ ಅತ್ತೆ ಎಷ್ಟೋ ವರ್ಷದ ಬೆಣ್ಣೆಯ ದುಡ್ಡು ಕಟ್ಟಿಕೊಂಡು, ಮಗಳನ್ನೂ ಕರೆದುಕೊಂಡು ಸವಣೂರಿಗೆ ನಡೆದು ಹೋದಳಂತೆ. ಅಲ್ಲೊಬ್ಬ ಶೇಟ್‌ಜಿಯ ಅಂಗಡಿ. ಆತ ಒರೆಗಲ್ಲಿಗೆ ಉಜ್ಜಿ ತೋರಿಸಿದ, ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ತೂಗಿ ತೋರಿಸಿದ. ಅತ್ತೆ ಬಾಗಿಲಲ್ಲೇ ನಿಂತು, "ಕಲ್ಲು ನಿಂದು, ತಕ್ಕಡಿ ನಿಂದು. ಹಲ್ಲಷ್ಟ ನಂದು. ಇಲ್ಲಿ ಕೊಡು" ಎಂದು ಇಸಿದುಕೊಂಡು ಎಲ್ಲರೆದುರು ಕಚ್ಚಿದಳಂತೆ. ಅಂಗಡಿಯವರೆಲ್ಲ ನಕ್ಕರಂತೆ. ಶೇಟ್‌ಜಿ ಮಾತ್ರ ನಗಲಿಲ್ಲವಂತೆ, "ಕಚ್ಚವ್ವಾ, ಗಟ್ಟಿಯಾಗಿ ಕಚ್ಚು, ನಿನ್ನ ಹಕ್ಕದು" ಎಂದನಂತೆ. "ನಾ ಅವ್ವನ ಸೀರಿ ಹಿಡಕೊಂಡು ನಿಂತಿದ್ನಿ. ನನಗ ಬಾಳ ನಾಚಿಕಿ ಬಂದಿತ್ರಿ ಆಗ" ಎಂದಳು ನೀಲವ್ವ. "ಈಗ ಅವ್ವ ಇಲ್ಲ. ಆಕಿ ಫೋಟೋ ಇಲ್ಲ, ಸೀರಿ ಹರದಾವು. ಆ ಎರಡು ತಗ್ಗಷ್ಟ ಇದ್ದುವು."

"ನನಗ ಯಾಕ ಹೇಳಲಿಲ್ಲ ನೀ?" ಎಂದೆ. ತಪ್ಪು ಮಾಡಿದ ಗಂಡಸಿಗೆ ಮೊದಲು ನೆನಪಾಗುವ ಮಾತು ಅದೇ.

"ನೀವು ಕೇಳಿದ್ರೇನು?"

ನನ್ನ ವಹಿಯಲ್ಲಿ ಆ ಪುತಳಿಯ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ಅದರ ತೂಕ ಬರೆದಿದ್ದೆ, ಸುತ್ತಳತೆ ಬರೆದಿದ್ದೆ, ಇಲ್ಲದ ರಾಜನ ಕೋಲಾಟ ಬರೆದಿದ್ದೆ. ಅದು ಯಾರದೋ ಅವರನ್ನು ಕೇಳಲು ಅಡಿಗೆಮನೆಗೆ ಹತ್ತು ಹೆಜ್ಜೆ ಇತ್ತು. ಅಷ್ಟೇ ಅಲ್ಲ, ಆ ಸಂದಿರುವ ಹಲ್ಲನ್ನು ನಾನು ದಿನಾ ಊಟದ ಹೊತ್ತಿನಲ್ಲಿ ಎದುರಿಗೇ ನೋಡುತ್ತಿದ್ದೆ. ಎರಡು ತಗ್ಗು, ನಡುವೆ ಒಂದು ಜೋಳದ ಕಾಳಿನಷ್ಟು ಬಯಲು. ಭೂತಗನ್ನಡಿಯೇ ಬೇಕಿರಲಿಲ್ಲ. ವಕೀಲರ ಮುಂದೆ ಬಂದ ನಾಚಿಕೆ ಸಾವಕಾರರ ಮೀಸೆಯೊಳಗೆ ಮುಗಿದುಹೋಗಿತ್ತು. ಇದು ನನ್ನ ಜೊತೆಯೇ ಉಣ್ಣುತ್ತದೆ, ನನ್ನ ಜೊತೆಯೇ ಮಲಗುತ್ತದೆ.

ನಾಲ್ಕು ದಿನ ನೀಲವ್ವ ತಾಟು ಇಟ್ಟು, ನನ್ನ ಎದುರಿಗೆ ಕೂಡದೆ ಒಳಗೆ ಹೋದಳು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಸಾರಿನಲ್ಲಿ ಹುಳಿಯೂ ಇತ್ತು, ಅದು ಇನ್ನೂ ಕಷ್ಟ. ಐದನೆಯ ದಿನ ನನಗೆ ಒಂದು ಉಪಾಯ ಹೊಳೆಯಿತು. ನನ್ನ ಉಪಾಯಗಳ ಗುಣ ನೀವು ಇಷ್ಟರಲ್ಲಿ ಬಲ್ಲಿರಿ. ಪುತಳಿಯನ್ನು ಆಕೆಯ ಮುಂದೆ ಹಿಡಿದು, "ನಿನ್ನ ಹಲ್ಲೂ ಅವ್ವನ ಹಲ್ಲಿನಂಗ ಅದಾವಲ್ಲ. ನೀನ ಒಂದ ಸಲ ಕಚ್ಚಿಬಿಡು. ಹಂಗ ತಗ್ಗು ಬೀಳತಾವು" ಎಂದೆ.

ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅವ್ವ ಹೆದರಿ ಕಚ್ಚಿದ್ಲುರಿ. ಮಗಳು ಪರರ ಮನಿಗೆ ಹೊಂಟಾಳ, ಆಕೀಗೆ ಖೊಟ್ಟಿ ಕೊಟ್ಟು ಕಳಿಸಬಾರದು ಅಂತ ಹೆದರಿ ಕಚ್ಚಿದ್ಲು. ನಾ ಯಾರ ಮ್ಯಾಲೆ ಸಂಶೇ ಪಟ್ಟು ಕಚ್ಚಲಿ? ನಿಮ್ಮ ಮ್ಯಾಲೇನು?" ಎಂದು ಮತ್ತೆ ರೊಟ್ಟಿ ಬಡಿದಳು. ಆ ರೊಟ್ಟಿಯ ಮೇಲೆ ಬಿದ್ದ ಪೆಟ್ಟುಗಳಲ್ಲಿ ನನ್ನ ಪಾಲು ಎಷ್ಟಿತ್ತೋ ತಿಳಿಯದು. ಅಂದಿನಿಂದ ಶುರುವಾದದ್ದು ಆ ಕೆಮ್ಮು.

ಇದಾಗಿ ಹತ್ತು ವರ್ಷ. ಈ ಸಲ ಶಾಂತವ್ವನಿಗೆ ಹತ್ತಿಮತ್ತೂರಿನ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ತಗ್ಗಿ ಮಾತಾಡುತ್ತಾನೆ. ನೋಡಲು ಬಂದ ದಿನ ಎಲ್ಲರೂ ಹೊಲ ಎಷ್ಟು, ಸಾಲಿ ಕಲಿತದ್ದು ಎಷ್ಟು ಎಂದು ಕೇಳಿದರು. ನೀಲವ್ವ ಬಾಗಿಲ ಮರೆಯಿಂದ ಕೇಳಿದ್ದು ಒಂದೇ. "ಹುಡುಗಗ ಹಳೀ ಸಾಮಾನ ತಿಕ್ಕೋ ಚಟ ಏನರ ಐತೇನ್ರಿ?" ಬೀಗರು ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಜಮಖಾನೆಯ ಬಣ್ಣ ನೋಡಿದೆ.

ಮದುವೆಯಾಗಿ ಮಗಳನ್ನು ಕಳಿಸುವ ಹೊತ್ತು ಬಂತು. ಶಾಂತವ್ವನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ನೀಲವ್ವ ಜಗುಲಿಯಿಂದ ಪುತಳಿ ತಂದಳು. ಸೆರಗಿನಿಂದ ಕುಂಕುಮ ಒರೆಸಿದಳು. ನೆರೆದವರೆಲ್ಲ ನೋಡುತ್ತಿದ್ದಂತೆ ಅದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಗಟ್ಟಿಯಾಗಿ ಕಚ್ಚಿದಳು. "ಅಯ್ಯ, ಎಂಜಲಾತಲ್ಲವ್ವಾ!" ಎಂದಳು ಬೀಗಿತಿ. "ಆಗಲಿರಿ" ಎಂದು ನೀಲವ್ವ ಪುತಳಿಯನ್ನು ಮಗಳ ಉಡಿಗೆ ಹಾಕಿದಳು. ಅಷ್ಟು ವರ್ಷ ಆಕೆಗೆ ಇಲ್ಲದ ಹೆದರಿಕೆ ಆ ದಿನ ಬಂದಿತ್ತು. ಶಾಂತವ್ವ ಹೆಬ್ಬೆರಳಿನಿಂದ ಸವರಿ ನೋಡಿ ಅವ್ವನ ಕುತ್ತಿಗೆಗೆ ಬಿದ್ದಳು. ನನ್ನ ಕಣ್ಣಲ್ಲೂ ನೀರು ಬಂತು, ಯಾರಿಗೂ ಕಾಣದ ಹಾಗೆ ರುಮಾಲಿನ ತುದಿಯಲ್ಲಿ ಒರೆಸಿಕೊಂಡೆ.

ಚಕ್ಕಡಿ ಹೂಡುವಾಗ ಅಳಿಯ ಪುತಳಿ ಹಿಡಿದುಕೊಂಡು ನನ್ನ ಬಳಿ ಬಂದ. ಮಾವ ದೊಡ್ಡ ನಾಣ್ಯಶಾಸ್ತ್ರಿ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. "ಮಾವಾರ, ಇದರಾಗ ಎರಡು ತಗ್ಗು ಬಿದ್ದಾವ್ರಿ. ಪತ್ತಾರನ ಕಡೆ ತಗಿಸಬೇಕೇನ್ರಿ?" ಎಂದು ವಿನಯದಿಂದ ಕೇಳಿದ. ನಾನು ಒಳಗಿನ ಕೆಮ್ಮಿಗಾಗಿ ಕಾದೆ. ಬರಲಿಲ್ಲ. ನೀಲವ್ವ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದಳು. "ನನ್ನ ಕೇಳಬ್ಯಾಡಪಾ," ಎಂದೆ, "ಮನಿಗೆ ಹೋಗಿ ಶಾಂತಾನ್ನ ಕೇಳು. ಯಾವಾಗೂ ಮೊದಲ ಆಕೀನ್ನ ಕೇಳು." ಆಗಲೂ ಕೆಮ್ಮು ಬರಲಿಲ್ಲ. ಹತ್ತು ವರ್ಷದಲ್ಲಿ ನಾಣ್ಯದ ಬಗ್ಗೆ ಆಕೆ ನನ್ನನ್ನು ಮಾತು ಮುಗಿಸಲು ಬಿಟ್ಟದ್ದು ಅದೇ ಮೊದಲು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ಅಳಿಯನ ಹೆಗಲ ಮೇಲೆ ಕೈಯಿಟ್ಟು, "ಇನ್ನ ಪುತಳಿಯ ತೂಕದ ವಿಷಯ ಏನಪಾ ಅಂದ್ರ" ಎಂದು ಶುರುಮಾಡಿದೆ.

ನೀಲವ್ವ ಕೆಮ್ಮಿದಳು.